ಕೋಳಿಯ ತಲೆ ಯಾರ ಕಡೆಗೆ?

ಆಲಾಯ್ ಕೆಲಸ ಬಿಡುತ್ತೇನೆಂದು ಹೇಳಿದ್ದು ಕೆಲಸ ಬೇಸರವಾಗಿ ಅಲ್ಲ, ಒಂದು ಚಡ್ಡಿಯ ದೆಸೆಯಿಂದ. ಈ ಮಾತನ್ನು ನಾನು ಯಾರ ಎದುರಿಗೆ ಬೇಕಾದರೂ ಹೇಳಬಲ್ಲೆ. ಆ ಚಡ್ಡಿಯನ್ನು ನಾನೂ ಕಣ್ಣಾರೆ ನೋಡಿದ್ದೇನೆ.

ಚಡ್ಡಿ ಅವನದಲ್ಲ, ಅವನ ಹೆಂಡತಿ ಬೀಯುನ್‌ಳ ಅಣ್ಣ ಷೂಚೆಂಗ್ ಮೇಷ್ಟ್ರದು. ಮೇಷ್ಟ್ರು ಸರ್ಕಾರಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು. ಐವತ್ತು ದಾಟಿದ ಸ್ವಲ್ಪ ದಿನಕ್ಕೇ ಪಿಂಚಣಿ ಹಿಡಿದು ಹೊರಗೆ ಬಂದರು, ಬಂದವರೇ ಸೈಕಲ್ ಹತ್ತಿದರು. ಸಮುದ್ರದ ಅಂಚು ಹಿಡಿದು ತೈವಾನನ್ನು ಒಂದು ಸುತ್ತು ಹಾಕಿಬರುವುದು ನಮ್ಮಲ್ಲಿ ನಿವೃತ್ತರಿಗೆ ಅಂಟುವ ಮೊದಲ ಕಾಯಿಲೆ. ಮೇಷ್ಟ್ರಿಗೆ ಅದು ಬಲವಾಗಿಯೇ ಅಂಟಿತ್ತು. ಆ ಭಾನುವಾರ ಮೈಗೆ ಅಂಟಿದ ಹಸಿರು ಚಡ್ಡಿ, ಹಳದಿ ಅಂಗಿ, ಜೀರುಂಡೆಯ ಬೆನ್ನಿನಂಥ ಹೆಲ್ಮೆಟ್ಟು ಹಾಕಿಕೊಂಡು ತಂಗಿಯ ಮನೆಯ ಮುಂದೆ ಇಳಿದರು.

"ಏನಪ್ಪಾ ಆಲಾಯ್, ಇನ್ನೂ ಕೊಡೆ ಬಿಚ್ತಾನೇ ಇದೀಯಾ?" ಎಂದರು.

ಇದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಹಮೇ ಊರಿನ ಕೊಡೆ ಕಾರ್ಖಾನೆಯಲ್ಲಿ ತಯಾರಾದ ಕೊಡೆಯನ್ನು ಬಿಚ್ಚುವುದು, ಒಂದು ಸಲ ತಿರುಗಿಸಿ ನೋಡುವುದು, ಮುಚ್ಚುವುದು, ಇಷ್ಟೇ ಆಲಾಯ್‌ನ ಕೆಲಸ. ಮೀಸೆ ಬರುವ ಮೊದಲು ಸೇರಿದವನಿಗೆ ಈಗ ಐವತ್ತೈದು. ನಾನೂ ಅದೇ ಕಾರ್ಖಾನೆಗೆ ಮನೆಯಲ್ಲೇ ಕೂತು ಕೊಡೆಯ ಬಟ್ಟೆಯನ್ನು ಕಡ್ಡಿಗೆ ಹೊಲಿದು ಕೊಡುವವಳು. ನನ್ನ ಬಾಗಿಲು ಅವನ ಬಾಗಿಲಿಗೆ ಎದುರು. ಹೀಗಾಗಿ ಆ ಮನೆಯ ಮಾತು ಕೇಳಲು ನಾನು ಕಿವಿ ಕೊಡಬೇಕಾಗಿಲ್ಲ, ಕಿವಿ ಇದ್ದರೆ ಸಾಕು.

ಮೇಷ್ಟ್ರು ಮೊಬೈಲ್ ತೆಗೆದು ಒಂದು ಜಲಪಾತ ತೋರಿಸಿದರು.

"ನೋಡು. ಪೂರ್ವದ ಕರಾವಳಿ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ. ಮಂಗಳವಾರ ಹತ್ತು ಗಂಟೆಗೆ ನೀನೆಲ್ಲಿದ್ದೆ?"

"ಕೊಡೆ ಬಿಚ್ತಿದ್ದೆ."

"ಮಳೆ ಇತ್ತಾ?"

"ಕಾರ್ಖಾನೆ ಒಳಗೆ ಎಲ್ಲಿಂದ ಬರತ್ತೆ ಭಾವ, ಮಳೆ?"

"ಅದನ್ನೇ ನಾನ್ ಹೇಳ್ತಿರೋದು," ಎಂದು ಮೇಷ್ಟ್ರು ನಕ್ಕರು. ನಕ್ಕು, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಚಡ್ಡಿಯ ಮೇಲಿನ ಧೂಳನ್ನು ಎರಡು ಬೆರಳಿನಿಂದ ಕೊಡವಿದರು.

ಆ ಕೊಡವುವಿಕೆಯನ್ನು ಆಲಾಯ್ ಸಹಿಸಲಿಲ್ಲ.

"ನಾನೂ ಬಿಡ್ತಿದೀನಿ," ಎಂದ. "ಈ ವರ್ಷದ ಕೊನೆಗೆ. ಎಲ್ಲಾ ಆಯ್ತು. ಬಾಯಲ್ಲಿ ಹೇಳೋದೊಂದೇ ಬಾಕಿ."

ಸೊಪ್ಪು ಬಿಡಿಸುತ್ತಿದ್ದ ಬೀಯುನ್‌ಳ ಕೈ ಅಲ್ಲೇ ನಿಂತಿತು. ಮೇಷ್ಟ್ರ ಕಾಲು ಮೆಟ್ಟಿಲಿಂದ ಕೆಳಗಿಳಿಯಿತು. ಎಲ್ಲರಿಗಿಂತ ಹೆಚ್ಚು ಬೆರಗಾದವನು ಆಲಾಯ್‌ನೇ. ಅವನ ಮುಖ ನೋಡಿದರೆ ಬೇರೆ ಯಾರೋ ಅವನ ಬಾಯಿ ಕಡ ತೆಗೆದುಕೊಂಡು ಮಾತಾಡಿ ಹೋದ ಹಾಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸಂಜೆ ಕಸದ ಗಾಡಿ ಹಾಡು ಹಾಡಿಕೊಂಡು ಬಂತು. ಕಸದ ಚೀಲ ಹಿಡಿದು ಓಣಿಗೆ ಓಣಿಯೇ ರಸ್ತೆಯಂಚಿನಲ್ಲಿ ನಿಲ್ಲುವ ಹೊತ್ತು ಅದು. ಎಲ್ಲ ಮನೆಯ ಕಸವೂ ಸುದ್ದಿಯೂ ಒಂದೇ ಸಲಕ್ಕೆ ಹೊರಗೆ ಬೀಳುತ್ತವೆ. ಗಾಡಿ ತಿರುವು ದಾಟುವ ಹೊತ್ತಿಗೆ ವಾರ್ಡಿನ ಮುಖ್ಯಸ್ಥ ಕೋ ಎರಡು ಕೈಯನ್ನೂ ಚಾಚಿಕೊಂಡು ಆಲಾಯ್‌ನ ಹತ್ತಿರ ಬಂದಿದ್ದ.

"ಬಾರಪ್ಪಾ ಆಲಾಯ್! ನಿನ್ನಂಥವರಿಗೇ ಕಾಯ್ತಿದ್ದೆ. ಈ ವಾರ್ಡಿಗೆ ಸ್ವಯಂಸೇವಕರೇ ಇಲ್ಲ." ಸ್ಕೂಟರಿನ ಡಿಕ್ಕಿಯಿಂದ ಒಂದು ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೆಗೆದು ಅವನ ಎದೆಗೆ ಹಿಡಿದು ಅಳತೆ ನೋಡಿದ. "ಬೆಳಿಗ್ಗೆ ಶಾಲೆ ಹತ್ರ ಬಾವುಟ ಹಿಡಿದು ಮಕ್ಕಳನ್ನ ರಸ್ತೆ ದಾಟಿಸೋದು. ಆಮೇಲೆ ಪಾರ್ಕಲ್ಲಿ ಎಲೆ ಗುಡಿಸೋದು. ಮಧ್ಯಾಹ್ನ ಒಂಟಿ ವೃದ್ಧರ ಮನೆಗೆ ಊಟ ಕೊಡೋದು. ಸಂಜೆ ಹಳೇ ಬಾಟ್ಲಿ ಬೇರ್ಪಡಿಸೋದು."

"ರಜ ಯಾವಾಗ?" ಎಂದ ಆಲಾಯ್.

"ನಿವೃತ್ತರಿಗೆ ಯಾಕಪ್ಪಾ ರಜ?" ಎಂದು ಕೋ ನಿಜವಾಗಿಯೇ ಆಶ್ಚರ್ಯಪಟ್ಟ.

ಮರುದಿನ ಬೀಯುನ್ ನನ್ನ ಮನೆಗೆ ಬಂದಳು. ನಾನು ಹೊಲಿಯುತ್ತಿದ್ದೆ. ಅವಳು ಎದುರಿಗೆ ಕೂತು ಒಂದು ಕೊಡೆಯ ಬಟ್ಟೆಯಿಂದ ಕಣ್ಣು ಒರೆಸಿಕೊಂಡಳು. ಅದು ನೀರು ಹೀರುವ ಬಟ್ಟೆಯಲ್ಲವಾದ್ದರಿಂದ ಕೆನ್ನೆ ಇನ್ನಷ್ಟು ಒದ್ದೆಯಾಯಿತು.

"ಅಕ್ಕಾ, ಇವ್ರು ದಿನವಿಡೀ ಮನೇಲಿದ್ರೆ ನಾನೆಲ್ಲಿಗೆ ಹೋಗ್ಲಿ? ಇವ್ರನ್ನ ನಾನು ಕಟ್ಕೊಂಡಿದ್ದು ರಾತ್ರಿಗೆ, ಮತ್ತೆ ಭಾನುವಾರಕ್ಕೆ. ವಾರದ ದಿನಗಳ ಮಾತು ಯಾರೂ ಆಡಿರ್ಲಿಲ್ಲ."

"ಅವನಿಗೇ ಬುದ್ಧಿ ಬರತ್ತೆ ಬಿಡು," ಎಂದೆ. "ಒಂದು ದಿನ ರಜ ಹಾಕಿ ರುಚಿ ನೋಡು ಅಂತ ಹೇಳು."

"ರುಚಿ ಹತ್ತಿಬಿಟ್ರೆ?"

ನಾನು ದಾರ ಕಚ್ಚಿ ತುಂಡು ಮಾಡಿ ಇನ್ನೊಂದು ಕೊಡೆ ಎತ್ತಿಕೊಂಡೆ.

ಬುಧವಾರ ಆಲಾಯ್ ನಿವೃತ್ತಿಯ ಅಭ್ಯಾಸ ಮಾಡಿದ. ಯಾವತ್ತಿನಂತೆ ಐದಕ್ಕೇ ಎದ್ದ. ಎದ್ದವನು ಬಟ್ಟೆ ಹಾಕಿಕೊಂಡು ಕುರ್ಚಿಯ ಮೇಲೆ ಕೂತ. ನಿವೃತ್ತರು ಕೂರುತ್ತಾರೆಂದು ಅವನಿಗೆ ಗೊತ್ತಿತ್ತು, ಎಷ್ಟು ಹೊತ್ತು ಎಂಬುದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋಗಿ ಸೋಯಾ ರಸ, ವಿನೆಗರು, ಎಳ್ಳೆಣ್ಣೆಯ ಬಾಟಲಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ. ಬೀಯುನ್ ಕೈ ಅಭ್ಯಾಸದಂತೆ ಎಳ್ಳೆಣ್ಣೆಯ ಜಾಗದಿಂದ ಬಾಟಲಿ ಎತ್ತಿ ಬಾಣಲೆಗೆ ವಿನೆಗರು ಸುರಿದಳು. ಆ ಬಾಣಲೆಯ ಸದ್ದಿಗಿಂತ ಅವಳ ಸದ್ದು ದೊಡ್ಡದಾಗಿತ್ತು. ಆಲಾಯ್ ಅಲ್ಲಿಂದ ಹೊರಬಿದ್ದು ಮನೆಯ ಕೊಡೆಗಳನ್ನೆಲ್ಲ ಬಿಚ್ಚಿ, ತಿರುಗಿಸಿ, ಮುಚ್ಚಿದ. ಅವು ಮುಗಿದಾಗ ನನ್ನ ಮನೆಗೆ ಬಂದ.

"ಅಕ್ಕಾ, ನಿಮ್ಮಲ್ಲಿ ಕೊಡೆ ಇದ್ಯಾ?"

"ಮಳೆ ಇಲ್ವಲ್ಲೋ."

"ಸುಮ್ನೆ ನೋಡೋಣ ಅಂತ."

ನಾನು ಎರಡು ಕೊಟ್ಟೆ. ಅವು ಎಷ್ಟು ಹೊತ್ತು ಬರುತ್ತವೆ!

ಆಮೇಲೆ ದೇವಸ್ಥಾನದ ಆಲದ ಮರದ ಕೆಳಗೆ ಚಹಾ ಕುಡಿಯುವ ಮುದುಕರ ಗುಂಪಿಗೆ ಹೋದ. ಅಲ್ಲಿ ನಿವೃತ್ತರು ಆರಾಮವಾಗಿ ಕೂತು ಪುಟ್ಟ ಪುಟ್ಟ ಲೋಟದಲ್ಲಿ ಚಹಾ ಹೀರುವುದನ್ನು ಅವನು ವರ್ಷಗಟ್ಟಲೆ ಕಾರ್ಖಾನೆಗೆ ಹೋಗುತ್ತ ಬರುತ್ತ ನೋಡಿ ಕರುಬಿದ್ದ. ಎಲ್ಲರಿಗಿಂತ ಹಿರಿಯ ಚ್ಯು ತಾತ ಒಂದು ಮೋಟು ಸ್ಟೂಲು ತೋರಿಸಿದ. ಅದು ನಲ್ಲಿಯ ಪಕ್ಕ ಇತ್ತು.

"ಹೊಸಬ ಬಂದ! ಕೂತ್ಕೋ. ಲೋಟ ತೊಳಿ."

"ನಾನಾ?"

"ಮತ್ಯಾರು? ಕೊನೇಲಿ ನಿವೃತ್ತ ಆದವನೇ ಲೋಟ ತೊಳೀಬೇಕು."

"ಎಷ್ಟು ದಿನ ತಾತ?"

"ಇನ್ನೊಬ್ಬ ಬರೋವರ್ಗೂ. ನಾನು ಬಂದಾಗ ಆರು ವರ್ಷ ಯಾರೂ ಬರ್ಲಿಲ್ಲ. ಬಿಸಿನೀರಲ್ಲಿ ತೊಳಿ ಮಗಾ, ಕಲೆ ಉಳಿಸ್ಬೇಡ."

ಮಧ್ಯಾಹ್ನದ ಹೊತ್ತಿಗೆ ಆಲಾಯ್ ಕಾರ್ಖಾನೆಯ ಗೇಟಿನ ಮುಂದೆ ಸುಳಿದಾಡುತ್ತಿದ್ದನಂತೆ. ಲಾರಿ ಓಡಿಸುವ ಗುವೋದುಂಗ್ ನೋಡಿ, "ಏನ್ ಮರ್ತೋಗಿದ್ಯಣ್ಣಾ?" ಎಂದ.

"ಟೋಪಿ."

"ತಲೆ ಮೇಲಿದ್ಯಲ್ಲ?"

"ಸಿಕ್ತು ಬಿಡು," ಎಂದು ಆಲಾಯ್ ಒಳಗೆ ನುಗ್ಗಿದ. ಅಲ್ಲಿ ಲೆಕ್ಕ ನೋಡುವ ಪೇಯ್‌ಫೆನ್ ಅವನನ್ನು ಕಂಡವಳೇ ಕರವಸ್ತ್ರ ತೆಗೆದಳು. "ಅಣ್ಣಾ, ಹೀಗೆ ಬಂದು ಬಂದು ನೋಡಿ ಅಳಿಸ್ಬೇಡಿ. ನಿಮ್ಮ ಬೀಳ್ಕೊಡುಗೆಗೆ ನಾವೆಲ್ಲ ಹಾಡು ಬೇರೆ ಕಲೀತಿದೀವಿ." ಹಾಡು ಕಲಿತಾದ ಮೇಲೆ, ಹೋಗುವುದಿಲ್ಲ ಎಂದು ಹೇಳುವುದು ಹೇಗೆ? ಆಲಾಯ್ ಅಷ್ಟು ಕಲ್ಲು ಮನಸ್ಸಿನವನಲ್ಲ.

ಆದರೂ ಯಜಮಾನತಿಯ ಹತ್ತಿರ ಹೋಗಿ ಹೇಳಿಬಿಡೋಣವೆಂದು ಧೈರ್ಯ ಮಾಡಿದ. ಯಜಮಾನತಿ ಇಂಗ್‌ತಾವ್‌ಗೆ ಎಪ್ಪತ್ತು ದಾಟಿದೆ. ಗಂಡ ಹೋದ ಮೇಲೆ ಒಬ್ಬಳೇ ಕಾರ್ಖಾನೆ ನಡೆಸುವವಳು, ಬೆಳಿಗ್ಗೆ ಬಾಗಿಲು ತೆಗೆಯುವವಳೂ ಅವಳೇ. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

"ಯಜಮಾನ್ತೀ, ನಾನು ಆ ವಿಷಯ…"

"ಗೊತ್ತು ಆಲಾಯ್," ಎಂದು ಅವಳು ನಿಟ್ಟುಸಿರು ಬಿಟ್ಟಳು. "ಬಾಯಲ್ಲಿ ಹೇಳೋಕೆ ಆಗಲ್ಲ. ನನಗೆ ಗೊತ್ತು. ವರ್ಷಾಂತ್ಯದ ಊಟದ ದಿನ ಎಲ್ಲಾ ತಾನಾಗೇ ಗೊತ್ತಾಗತ್ತೆ. ಹೋಗು."

ಅವನು ಹಿಂದೆ ಹಿಂದೆ ಹೆಜ್ಜೆ ಹಾಕಿ ಹೊರಗೆ ಬಂದ. ಅವತ್ತಿನಿಂದ ಊಟದ ದಿನದವರೆಗೆ ಅವನು ಕೂತ ಕುರ್ಚಿ ಬಿಸಿಯಾಗಿದ್ದನ್ನು ಯಾರೂ ನೋಡಲಿಲ್ಲ.

ವರ್ಷದ ಕೊನೆಗೆ ಕೆಲಸದವರಿಗೆಲ್ಲ ಯಜಮಾನತಿ ಹಾಕಿಸುವ ಆ ಊಟ ಭಾನುವಾರ ಮಧ್ಯಾಹ್ನ, ಕಾರ್ಖಾನೆಯ ಅಂಗಳದಲ್ಲಿ. ಕೆಂಪು ನೀಲಿ ಪಟ್ಟೆಯ ಶಾಮಿಯಾನ ಚಳಿಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೇಲುಗಡೆಯ ಮೇಜಿನಲ್ಲಿ ಯಜಮಾನತಿಯ ಕುರ್ಚಿ, ಪಕ್ಕಕ್ಕೆ ವಾರ್ಡಿನ ಕೋ, ಪೇಯ್‌ಫೆನ್, ಗುವೋದುಂಗ್, ನಾನು, ಬೀಯುನ್, ಆಲಾಯ್. ಭಾವಮೈದುನನ ಬೀಳ್ಕೊಡುಗೆ ನೋಡಲೆಂದು ಮೇಷ್ಟ್ರೂ ಬಂದಿದ್ದರು, ಅದೇ ಚಡ್ಡಿಯಲ್ಲಿ. ಚಳಿಗೆ ಅವರ ಮೊಣಕಾಲು ನೇರಳೆಯಾಗಿತ್ತು.

ಯಜಮಾನತಿ ಮೇಜಿನಲ್ಲಿ ಇರಲಿಲ್ಲ. ಪ್ರತಿ ವರ್ಷದಂತೆ ವೇದಿಕೆ ಹತ್ತಿ, ಮೈಕು ಹಿಡಿದು, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಅವಳ ಹಾಡಿಗೆ ಪಲ್ಲವಿ ಬಹಳ.

ಅಷ್ಟರಲ್ಲಿ ಅಡುಗೆಯ ಹೈಶಂಗ್ ಕೋಳಿ ತಂದ. ಮೇಜಿನ ನಡುವೆ ತಿರುಗುವ ಗಾಜಿನ ಹಲಗೆಯ ಮೇಲೆ ತಟ್ಟೆಯಿಟ್ಟು, ಅತ್ತ ಇತ್ತ ನೋಡಿ, ಸ್ವಲ್ಪ ಸರಿಸಿ, ತೃಪ್ತಿಯಿಂದ ತಲೆಯಾಡಿಸಿ ಹೋದ. ಆಲಾಯ್ ಅದನ್ನು ನೋಡಲೇ ಇಲ್ಲ. ಅವನ ಕಣ್ಣೆಲ್ಲ ಆಚೆ ಬದಿಯಲ್ಲಿದ್ದ ಮೀನಿನ ಮೊಟ್ಟೆಯ ಹುರಿದ ಹೋಳುಗಳ ಮೇಲೆ. ಹಲಗೆಯನ್ನು ಬೆರಳಿನಿಂದ ಎಳೆದು, ಹೋಳು ತನ್ನ ಮುಂದೆ ಬಂದಾಗ ಎರಡು ಎತ್ತಿ ಬಾಯಿಗೆ ಹಾಕಿಕೊಂಡ. ಆಮೇಲೆ ತಲೆಯೆತ್ತಿದ.

ಕೋಳಿ ಅವನನ್ನೇ ನೋಡುತ್ತಿತ್ತು.

ಕೋಳಿಗೆ ತಲೆ ಇತ್ತು! ನಮ್ಮ ಹಿಂದಿನವರ ಕಾಲದಲ್ಲಿ ವರ್ಷಾಂತ್ಯದ ಊಟಕ್ಕೆ ಯಜಮಾನನಾದವನು ಇಡೀ ಕೋಳಿ ಇಡಿಸುತ್ತಿದ್ದ. ಅದರ ತಲೆ ಯಾರ ಕಡೆ ತಿರುಗಿರುತ್ತದೋ ಅವನು ಮಾರನೆಯ ದಿನದಿಂದ ಕೆಲಸಕ್ಕೆ ಬರಬೇಕಾಗಿಲ್ಲ. ಯಾರನ್ನೂ ಬಿಡಿಸುವುದಿಲ್ಲವೆಂದರೆ ತಲೆ ಯಜಮಾನನ ಕಡೆಗೇ ಇರುತ್ತಿತ್ತು. ಈಗೆಲ್ಲ ಈ ಗೊಡವೆಯೇ ಬೇಡವೆಂದು ತಲೆ ಕತ್ತರಿಸಿಯೇ ತರುತ್ತಾರೆ. ನಮ್ಮ ಕಾರ್ಖಾನೆಯಲ್ಲಂತೂ ತಲೆಯಿದ್ದ ಕೋಳಿಯನ್ನು ಯಾರೂ ಕಂಡಿರಲಿಲ್ಲ.

"ಹೇಳಿದ್ರಲ್ಲ, ಊಟದ ದಿನ ಗೊತ್ತಾಗತ್ತೆ ಅಂತ," ಎಂದು ಆಲಾಯ್ ಪಿಸುಗುಟ್ಟಿದ.

"ಅಭಿನಂದನೆ ಕಣಪ್ಪಾ!" ಎಂದು ಮೇಷ್ಟ್ರು ಲೋಟ ಎತ್ತಿದರು.

ಆಲಾಯ್ ಲೋಟ ಎತ್ತಲಿಲ್ಲ. ಯಾರಿಗೂ ಕಾಣದಂತೆ ಕಿರುಬೆರಳಿನಿಂದ ಹಲಗೆಯನ್ನು ಸ್ವಲ್ಪ ತಳ್ಳಿದ. ಎಲ್ಲರಿಗೂ ಕಂಡಿತು. ಕೋಳಿ ಮೆಲ್ಲಗೆ ತಿರುಗಿ ಪೇಯ್‌ಫೆನ್‌ಳ ಎದುರು ನಿಂತಿತು.

"ಅಯ್ಯೋ ನನ್ ಕಡೆ ಯಾಕೆ ಕಳಿಸ್ತೀರಿ ಅಣ್ಣಾ!" ಎಂದು ಅವಳು ಕೂಗಿದಳು. "ಮನೇಲಿ ಅತ್ತೆ ಇದಾರೆ. ಅವರಿರೋವರ್ಗೂ ನನಗೆ ಆಫೀಸು ಬೇಕೇ ಬೇಕು!" ಎಂದು ಎರಡೂ ಕೈಯಿಂದ ತಳ್ಳಿದಳು.

ಕೋಳಿ ಗುವೋದುಂಗ್‌ನ ಮುಂದೆ ಬಂತು. "ಏಯ್, ಲಾರಿಯೊಳಗೆ ನಾನು ಹಾಡ್ಕೋತೀನಿ, ಗೊತ್ತಾ? ಮನೇಲಿ ಬಾಯಿ ತೆಗೆದ್ರೆ ಚಪ್ಪಲಿ ಬರತ್ತೆ. ಲಾರಿ ಬಿಟ್ಟು ಎಲ್ಲಿಗೆ ಹೋಗ್ಲಿ?" ಎಂದು ಅವನೂ ಬೀಸಿ ತಳ್ಳಿದ.

ಅದು ಮುಖ್ಯಸ್ಥ ಕೋ ಎದುರು ನಿಂತಿತು. ಕೋ ಎದ್ದೇ ನಿಂತ. "ನಾನು ಜನ ಓಟು ಹಾಕಿ ಗೆಲ್ಲಿಸಿದವನು! ಕೋಳಿಗೆ ನನ್ನನ್ನ ಇಳಿಸೋ ಅಧಿಕಾರ ಇಲ್ಲ!"

ಅವನು ತಳ್ಳಿದ ರಭಸಕ್ಕೆ ಕೋಳಿ ಒಂದೂವರೆ ಸುತ್ತು ಹೊಡೆದು ಮೇಷ್ಟ್ರ ಮೂಗಿನ ನೇರಕ್ಕೆ ಬಂತು.

"ನನಗೆ ಯಾವಾಗ್ಲೋ ಆಗಿದೆ ನಿವೃತ್ತಿ! ಮತ್ತೆ ಯಾಕೆ ನನ್ ಕಡೆ?" ಎಂದು ಮೇಷ್ಟ್ರು ಕಿರುಚಿದರು. ಏನಾಯಿತೋ, ಅವರ ದನಿ ಒಡೆಯಿತು. "ಒಂದು ಸಲ ಆಗಿದ್ದೇ ಸಾಕಾಗಿದೆ. ದ್ವೀಪ ಸುತ್ತಿ ಸುತ್ತಿ ತಲೆ ಸುತ್ತು ಬಂದಿದೆ. ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ. ಉಲ್ಟಾ ಸುತ್ತಿದ್ರೆ ಬಲಕ್ಕೆ ಸಮುದ್ರ, ಎಡಕ್ಕೆ ಬೆಟ್ಟ. ಇನ್ನೇನಿದೆ ಅಲ್ಲಿ ನೋಡೋಕೆ?"

"ಮತ್ತೆ ಆ ಜಲಪಾತ?" ಎಂದ ಆಲಾಯ್.

"ನೀರು ಬೀಳತ್ತೆ ಕಣೋ. ಬೀಳ್ತಾನೇ ಇರತ್ತೆ. ಎಷ್ಟು ಹೊತ್ತು ನೋಡ್ತೀಯಾ?"

ಅವರೂ ತಳ್ಳಿದರು. ಕೋಳಿ ನನ್ನ ಎದುರಿಗೆ ಬಂದು ನಿಂತಿತು. ನಾನು ವಯಸ್ಸಾದವಳು, ಓಣಿಯಲ್ಲಿ ತಾಳ್ಮೆಗೆ ಹೆಸರಾದವಳು. ಯಾರಾದರೂ ಒಬ್ಬರು ಮುಂದೆ ಬಂದು ಈ ಗದ್ದಲ ನಿಲ್ಲಿಸಬೇಕಾದರೆ ಅದು ನಾನೇ ಆಗಬೇಕಿತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಶಾಲು ಸರಿಪಡಿಸಿಕೊಂಡು, ಒಂದೇ ಒಂದು ಬೆರಳಿನಿಂದ, ಬಹಳ ಗೌರವದಿಂದ ಅದನ್ನು ಆಲಾಯ್‌ನ ಕಡೆಗೆ ಕಳಿಸಿಕೊಟ್ಟೆ.

ಆಲಾಯ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ನಾನು ಹೋಗಲ್ಲ!" ಎಂದ. "ಎಲ್ರೂ ಕೇಳಿ. ಭಾವನ ಎದುರಿಗೆ ಸುಮ್ನೆ ಹೇಳಿದ್ದು. ಬುಧವಾರ ಒಂದು ದಿನ ಮನೇಲಿದ್ದೆ. ಐದಕ್ಕೆದ್ದು ಆರಕ್ಕೆ ನನ್ನ ಕೆಲ್ಸ ಎಲ್ಲಾ ಮುಗೀತು, ಆಮೇಲೂ ಬುಧವಾರ ಹಾಗೇ ಇತ್ತು! ಆ ಮುದುಕರ ಲೋಟ ತೊಳೆಯೋ ಬದ್ಲು ನಾನು ಕೊಡೆ ಬಿಚ್ಚಿಕೊಂಡೇ ಸಾಯ್ತೀನಿ. ಈ ಕೋಳಿ ಏನ್ ಹೇಳಿದ್ರೂ ನಾನು ಕೇಳಲ್ಲ."

"ಕೋಳಿ ಹೇಳಿದ್ಮೇಲೆ ಮುಗೀತಲ್ವಾ ಅಣ್ಣಾ?" ಎಂದ ಗುವೋದುಂಗ್.

ಆಲಾಯ್ ಒಂದು ಕ್ಷಣ ಯೋಚಿಸಿದ. ಅವನ ಜನ್ಮದಲ್ಲಿ ಅಷ್ಟು ಬೇಗ ಯೋಚಿಸಿದ್ದು ಅದೊಂದೇ ಸಲ ಇರಬೇಕು. ಕೈ ಚಾಚಿ ಕೋಳಿಯ ಕುತ್ತಿಗೆ ಮುರಿದು, ತಲೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಕರಕರ ಅಗಿದ. ಶಾಮಿಯಾನದ ಪಟಪಟದ ನಡುವೆಯೂ ಆ ಸದ್ದು ಎಲ್ಲರಿಗೂ ಕೇಳಿಸಿತು.

ವೇದಿಕೆಯ ಮೇಲೆ ಹಾಡು ಮುಗಿದಿತ್ತು. ಯಜಮಾನತಿ ಮೆಟ್ಟಿಲಿಳಿದು, ಹೊಸ ರೇಷ್ಮೆ ಅಂಗಿಯ ಮಡಿಕೆ ಸರಿಪಡಿಸಿಕೊಳ್ಳುತ್ತ, ಅಳುವೋ ನಗುವೋ ಗೊತ್ತಾಗದ ಮುಖದಿಂದ ಮೇಜಿನ ಹತ್ತಿರ ಬಂದಳು. ಬಂದು ತನ್ನ ಕುರ್ಚಿಯ ಹಿಂದೆ ನಿಂತಳು.

"ಎಲ್ರೂ ನೋಡಿದ್ರಾ?" ಎಂದಳು. "ನೋಡಿದ್ರೆ ಸಾಕು. ಬಾಯಿಬಿಟ್ಟು ಹೇಳೋಕೆ ನನ್ನಿಂದ ಆಗಲ್ಲ, ಅಳು ಬಂದ್ಬಿಡತ್ತೆ. ಅದಕ್ಕೇ ಹೈಶಂಗ್‌ಗೆ ಹೇಳಿ ನನ್ನ ಕುರ್ಚಿ ಕಡೆಗೇ ಇಡಿಸಿದ್ದು." ಆಮೇಲೆ ತಟ್ಟೆ ನೋಡಿದಳು. "ತಲೆ ಎಲ್ಲಿ?"

ಆಲಾಯ್‌ನ ಕೆನ್ನೆ ಇನ್ನೂ ಅಲುಗುತ್ತಿತ್ತು.

"ಯಜಮಾನರ ಕಡೆ ಇಟ್ರೆ ಯಾರನ್ನೂ ಬಿಡಿಸಲ್ಲ ಅಂತ ಅಲ್ವಾ ಅರ್ಥ?" ಎಂದಳು ಪೇಯ್‌ಫೆನ್, ಹೆದರಿಕೊಂಡೇ.

"ಅದು ಬೇರೆಯವರ ಕೋಳಿಗೆ. ನನ್ನ ಕೋಳಿಗೆ ನಾನು ಹೇಳಿದ್ದೇ ಅರ್ಥ. ನಾನು ಹೋಗ್ತಿದೀನಿ ಅಂತ. ನನಗೆ ಸಾಕಾಗಿದೆ ಕಣ್ರೇ. ಬೆಳಿಗ್ಗೆ ಎದ್ದು ಬಾಗಿಲು ತೆಗೆದು ತೆಗೆದು ಸಾಕಾಗಿದೆ. ಹಾಸಿಗೇಲಿ ಬಿಸಿಲು ನೋಡ್ಬೇಕು ನಾನು." ಅವಳು ಆಲಾಯ್‌ನ ಕಡೆ ಬೆರಳು ತೋರಿಸಿದಳು. "ಇವನ ಬಾಯಲ್ಲೇನು?"

ಬೀಯುನ್ ಗಂಡನ ಪರವಾಗಿ ತಲೆ ತಗ್ಗಿಸಿದಳು. "ತಲೆ, ಯಜಮಾನ್ತಿ."

"ನನ್ನ ನಿವೃತ್ತೀನ ತಿಂದ್ಬಿಟ್ಯಲ್ಲೋ!"

ಆಲಾಯ್ ಗಾಬರಿಯಿಂದ ನುಂಗಿಬಿಟ್ಟ. ಕಣ್ಣಲ್ಲಿ ನೀರು ಬಂತು. ಕೊಕ್ಕು ಮಾತ್ರ ನುಂಗಲಾಗದೆ ಅಂಗೈಗೆ ಉಗಿದು, ಒರೆಸಿ, ಮರ್ಯಾದೆಯಿಂದ ಎರಡೂ ಕೈಯಲ್ಲಿ ಮುಂದೆ ಹಿಡಿದ. "ಇಷ್ಟು ಉಳಿದಿದೆ."

ಯಜಮಾನತಿ ಅದನ್ನೇ ತೆಗೆದುಕೊಂಡು ಗಾಜಿನ ಹಲಗೆಯ ಮೇಲಿಟ್ಟು ತನ್ನ ಕಡೆಗೆ ತಿರುಗಿಸಲು ಹೋದಳು. ಹಲಗೆ ಅಲುಗಲಿಲ್ಲ. ಪೇಯ್‌ಫೆನ್ ಹಿಡಿದಿದ್ದಳು. ಗುವೋದುಂಗ್ ಹಿಡಿದಿದ್ದ. ನಾನೂ ಹಿಡಿದಿದ್ದೆ. ಕಾರ್ಖಾನೆಗೆ ಸಂಬಂಧವೇ ಇಲ್ಲದ ಕೋ ಮತ್ತು ಮೇಷ್ಟ್ರು ಕೂಡ, ಎಲ್ಲರೂ ಹಿಡಿದಿದ್ದಾರಲ್ಲ ಎಂದು ಹಿಡಿದಿದ್ದರು.

"ಬಿಡ್ರೇ," ಎಂದಳು ಯಜಮಾನತಿ.

ಯಾರೂ ಬಿಡಲಿಲ್ಲ.

"ನೀವು ಹೋಗ್ಬಾರ್ದು ಯಜಮಾನ್ತಿ," ಎಂದ ಆಲಾಯ್. "ನೀವು ಹೋಗ್ಬಿಟ್ರೆ, ಕೆಲ್ಸ ಬಿಡ್ತೀನಿ ಕೆಲ್ಸ ಬಿಡ್ತೀನಿ ಅಂತ ನಾನು ಯಾರ ಹತ್ರ ಹೇಳ್ಲಿ?"

ಯಜಮಾನತಿ ಕುರ್ಚಿ ಎಳೆದು ಕೂತು, ಕೊಕ್ಕನ್ನು ಎತ್ತಿ ಮೂಳೆಯ ಬಟ್ಟಲಿಗೆ ಹಾಕಿ, ಸೊಂಟದಿಂದ ಕಾರ್ಖಾನೆಯ ಬೀಗದ ಕೈ ಬಿಚ್ಚಿ ಅವನ ತಟ್ಟೆಯ ಪಕ್ಕ ಇಟ್ಟಳು.

"ತಿಂದವನು ನೀನು, ಅನುಭವಿಸು. ಇನ್ನೊಂದು ವರ್ಷ ಬರ್ತೀನಿ. ಆದ್ರೆ ಬಿಸಿಲು ನೋಡಿ, ಗಂಜಿ ಕುಡಿದು, ನಿಧಾನಕ್ಕೆ ಬರ್ತೀನಿ. ಬೆಳಿಗ್ಗೆ ಬಾಗಿಲು ನೀನು ತೆಗೀಬೇಕು."

"ಎಷ್ಟು ಹೊತ್ತಿಗೆ ಯಜಮಾನ್ತಿ?" ಎಂದು ಕೇಳಿದವಳು ಬೀಯುನ್.

"ಏಳಕ್ಕೆ."

ಬೀಯುನ್ ಎರಡು ಕೈಯನ್ನೂ ಜೋಡಿಸಿ, ಮೇಜಿಗೆ ಹಣೆ ತಾಗುವಷ್ಟು ಬಾಗಿದಳು.

"ಐದಕ್ಕೇ ಕಳಿಸ್ತೀನಿ," ಎಂದಳು.